ರೈತರ ನಂಬರ್ ಒಮ್ಮೆ ಬರೆದರೆ ಸಾಕು: ಮಂಡಿಯ ಲೆಕ್ಕದಲ್ಲಿ ಮೈಕ್ರೋಸಾಫ್ಟ್ ಆಕ್ಸೆಸ್

ದಾವಣಗೆರೆಯ ಎಪಿಎಂಸಿ ಪ್ರಾಂಗಣದ ಒಂದು ದಲ್ಲಾಳಿ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಮೆಕ್ಕೆಜೋಳದ ಆವಕ (ಮಾಲು ಬರುವುದು), ಕಾಟಾ ತೂಕ, ರೈತರಿಗೆ ಕೊಡುವ ಪಟ್ಟಿ (ಮಾರಾಟದ ಲೆಕ್ಕದ ಚೀಟಿ), ಹಣ ಪಾವತಿ ಇವೆಲ್ಲವನ್ನೂ ಕಳೆದ ಮೂರು ಹಂಗಾಮುಗಳಿಂದ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ನಾನೇ ಕಟ್ಟಿಕೊಂಡ ಡೇಟಾಬೇಸ್‌ನಲ್ಲಿ ದಾಖಲಿಸುತ್ತಿದ್ದೇನೆ. ಆಕ್ಸೆಸ್ 1992ರಿಂದ ಮಾರುಕಟ್ಟೆಯಲ್ಲಿರುವ ತಂತ್ರಾಂಶ. ಅದರ ಎಲ್ಲ ಗುಣಗಳನ್ನೂ ಇಲ್ಲಿ ವರ್ಣಿಸುವುದಿಲ್ಲ. ಒಂದು ಫಾರಂನಲ್ಲಿ, ಅಂದರೆ ವಿವರ ತುಂಬುವ ಪರದೆಯಲ್ಲಿ, ಬರೆದ ಮೌಲ್ಯವನ್ನು ಅದಕ್ಕೆ ಸಂಬಂಧಿಸಿದ ಮುಂದಿನ ಫಾರಂಗೆ ಅದು ಹೇಗೆ ತಲುಪಿಸುತ್ತದೆ, ಎಲ್ಲಿ ತಾನಾಗಿ ತಲುಪಿಸುತ್ತದೆ, ಎಲ್ಲಿ ನಾವೇ ಕೈಹಿಡಿದು ದಾಟಿಸಬೇಕಾಗುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ. ನಮ್ಮಂಥ ಅಂಗಡಿಗಳಲ್ಲಿ ತಂತ್ರಾಂಶದ ಯೋಗ್ಯತೆ ತೀರ್ಮಾನವಾಗುವುದು ಅಲ್ಲಿಯೇ ಎಂದು ನಾನು ಅನುಭವದಿಂದ ನಂಬಿದ್ದೇನೆ.

ಇದಕ್ಕೂ ಮೊದಲು ನಮ್ಮಲ್ಲಿ ಬೇರೊಬ್ಬರು ಮಾಡಿಕೊಟ್ಟ ತಂತ್ರಾಂಶವೊಂದಿತ್ತು. ಅದರಲ್ಲಿ ಆವಕದ ಪರದೆ, ತೂಕದ ಪರದೆ, ಪಾವತಿಯ ಪರದೆ ಮೂರೂ ಒಂದಕ್ಕೊಂದು ಸಂಬಂಧವಿಲ್ಲದಂತೆ ನಿಂತಿದ್ದವು. ರೈತರ ಹೆಸರು, ತಂದೆಯ ಹೆಸರು, ಊರು ಈ ಮೂರನ್ನೂ ಪ್ರತಿ ಪರದೆಯಲ್ಲಿಯೂ ಹೊಸದಾಗಿ ಬರೆಯಬೇಕಿತ್ತು. ಒಂದು ನವೆಂಬರ್ ಸಂಜೆ ಹೊರಗೆ ಟ್ರ್ಯಾಕ್ಟರುಗಳ ಸಾಲು ನಿಂತಿರುವಾಗ, ಮಾಯಕೊಂಡದ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ಮೂರನೆಯ ಸಲ ತಮ್ಮ ಹೆಸರನ್ನು ಹೇಳಿ, "ಹೆಸ್ರು ಆಗ್ಲೇ ಬರಕೊಂಡ್ರಲ್ಲಪ್ಪಾ, ಇನ್ನೆಷ್ಟು ಸಲ ಹೇಳ್ಬೇಕು?" ಎಂದು ಕೇಳಿದರು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಬೇಸರಕ್ಕಿಂತ ದೊಡ್ಡ ತೊಂದರೆಯೂ ಅದರೊಳಗಿತ್ತು. 'ಆನಗೋಡು' ಎಂಬುದನ್ನು ಒಬ್ಬರು ದೀರ್ಘದಿಂದ, ಇನ್ನೊಬ್ಬರು 'ಅನಗೋಡು' ಎಂದು ಹ್ರಸ್ವದಿಂದ ಬರೆದರೆ ಕಂಪ್ಯೂಟರಿಗೆ ಅವು ಎರಡು ಊರುಗಳು. ಒಂದೇ ಊರಿನ, ಒಂದೇ ಹೆಸರಿನ ಇಬ್ಬರು ರೈತರಿದ್ದರಂತೂ ಒಬ್ಬರ ತೂಕ ಇನ್ನೊಬ್ಬರ ಪಟ್ಟಿಗೆ ಸೇರುವುದನ್ನು ತಡೆಯುವ ಯಾವ ಏರ್ಪಾಡೂ ಅಲ್ಲಿರಲಿಲ್ಲ. ಬೆವರು ಸುರಿಸಿ ಬೆಳೆದ ಮಾಲಿನ ಹಣ ಬೇರೆಯವರ ಖಾತೆಗೆ ಹೋಗಬಾರದು; ನಾನು ಈ ಕೆಲಸವನ್ನು ಕೈಗೆತ್ತಿಕೊಳ್ಳಲು ಅದೇ ಕಾರಣ.

ಆಕ್ಸೆಸ್‌ನಲ್ಲಿ ನಾನು ಮಾಡಿಕೊಂಡ ವ್ಯವಸ್ಥೆ ಸರಳವಾದದ್ದು. ರೈತರ ಟೇಬಲ್‌ನಲ್ಲಿ (ದಾಖಲೆಗಳನ್ನು ಸಾಲುಸಾಲಾಗಿ ಇಡುವ ಕೋಷ್ಟಕದಲ್ಲಿ) ಪ್ರತಿಯೊಬ್ಬರಿಗೂ ತಂತ್ರಾಂಶವೇ ಕೊಡುವ ಒಂದು ನಂಬರ್ ಇರುತ್ತದೆ. ಹೆಸರು, ಊರು, ಬ್ಯಾಂಕ್ ಖಾತೆ ಎಲ್ಲವೂ ಆ ನಂಬರಿನ ಮುಂದೆ ಒಂದೇ ಕಡೆ ಇರುತ್ತವೆ. ಆವಕದ ಟೇಬಲ್‌ಗೆ ಹೋಗುವುದು ಆ ನಂಬರ್ ಮಾತ್ರ. ಹಾಗೆಯೇ ಪ್ರತಿ ಲಾಟ್‌ಗೂ, ಅಂದರೆ ರೈತರು ತಂದ ಮಾಲಿನ ಪ್ರತಿ ರಾಶಿಗೂ, ಒಂದು ನಂಬರ್. ತೂಕಕ್ಕೂ ಪಾವತಿಗೂ ಲಾಟ್ ನಂಬರ್ ಹೋಗುತ್ತದೆ. ಹಳೆಯ ಕಾಲದ ಲೆಕ್ಕದಲ್ಲಿ ರೋಜು ಕಿರ್ದಿಯ, ಅಂದರೆ ದಿನದ ವ್ಯವಹಾರ ಬರೆಯುವ ಪುಸ್ತಕದ, ಅಂಚಿನಲ್ಲಿ ಖಾತೆಯ ಪುಟಸಂಖ್ಯೆಯನ್ನು ಬರೆಯುತ್ತಿದ್ದ ಪದ್ಧತಿಯೂ ಇದೇ ಆಗಿತ್ತು.

ಈ ನಂಬರ್ ದಾಟಿಸುವ ಕೆಲಸವನ್ನು ಆಕ್ಸೆಸ್ ಅತ್ಯಂತ ಚೆನ್ನಾಗಿ ಮಾಡುವುದು ಒಂದು ಫಾರಂನೊಳಗೆ ಇನ್ನೊಂದನ್ನು ಕೂರಿಸಿದಾಗ. ಹೀಗೆ ಒಳಗೆ ಕೂತದ್ದಕ್ಕೆ ಸಬ್‌ಫಾರಂ ಎನ್ನುತ್ತಾರೆ. ಅದರ ಗುಣವಿಶೇಷಗಳ ಪಟ್ಟಿಯಲ್ಲಿ 'ಲಿಂಕ್ ಮಾಸ್ಟರ್ ಫೀಲ್ಡ್ಸ್', 'ಲಿಂಕ್ ಚೈಲ್ಡ್ ಫೀಲ್ಡ್ಸ್' ಎಂಬ ಎರಡು ಸಾಲುಗಳಿವೆ. ಎರಡರಲ್ಲೂ ಲಾಟ್ ನಂಬರಿನ ಫೀಲ್ಡ್ (ಟೇಬಲ್‌ನ ಅಂಕಣ) ಹೆಸರನ್ನು ಬರೆದರೆ ಕೆಲಸ ಮುಗಿಯಿತು. ಮೇಲೆ ಯಾವ ಲಾಟ್ ತೆರೆದಿದೆಯೋ ಅದರ ತೂಕಗಳು ಮಾತ್ರ ಕೆಳಗೆ ಕಾಣಿಸುತ್ತವೆ, ಕೆಳಗೆ ಹೊಸ ಸಾಲು ಬರೆಯಲು ಆರಂಭಿಸಿದರೆ ಲಾಟ್ ನಂಬರ್ ತಾನಾಗಿಯೇ ಆ ಸಾಲಿಗೆ ಸೇರುತ್ತದೆ. ಮೇಲಿನಿಂದ ಕೆಳಗಿನ ಫಾರಂಗೆ ಕರ್ಸರ್ ಇಳಿದ ಕ್ಷಣವೇ ಮೇಲಿನ ದಾಖಲೆ ಸೇವ್ ಆಗಿರುತ್ತದೆ ಎಂಬುದು ಅನೇಕರು ಗಮನಿಸದ, ಆದರೆ ಬಹಳ ಬೆಲೆಬಾಳುವ ಅನುಕೂಲ. ಒಂದು ಸಾಲು ಕೋಡ್ ಬರೆಯದೆ ಇಷ್ಟೆಲ್ಲ ಸಿಗುತ್ತದೆ. ಕಾಟಾದ ಬಳಿ ಕೂರುವ ನಮ್ಮ ಹುಡುಗ ಹಮಾಲರು ಕೂಗಿ ಹೇಳುವ ತೂಕವನ್ನು ಒಂದರ ಕೆಳಗೊಂದು ಬರೆಯುತ್ತಾ ಹೋಗುತ್ತಾನೆ. ಲಾಟ್ ಯಾವುದೆಂದು ಪ್ರತಿ ಸಾಲಿಗೂ ಯೋಚಿಸಬೇಕಾಗಿಲ್ಲ.

ಆದರೆ ಎಲ್ಲವನ್ನೂ ಒಂದೇ ಪರದೆಯಲ್ಲಿ ತುಂಬಲಾಗುವುದಿಲ್ಲ. ಪಾವತಿಯನ್ನು ನಮ್ಮ ಸಾಹುಕಾರರು ಒಳಕೋಣೆಯಲ್ಲಿ ಬೇರೆ ಸಮಯದಲ್ಲಿ ಮಾಡುತ್ತಾರೆ, ಅದಕ್ಕೆ ಪ್ರತ್ಯೇಕ ಫಾರಂ ಬೇಕು. ಲಾಟ್ ಫಾರಂನ ಮೇಲೆ 'ಪಾವತಿ' ಎಂಬ ಬಟನ್ ಇಟ್ಟು, ಅದನ್ನು ಒತ್ತಿದಾಗ ಆ ಲಾಟ್‌ನ ಪಾವತಿಗಳು ಮಾತ್ರ ತೆರೆಯುವಂತೆ ಮಾಡಿದೆ. ಬಟನ್ ಮಾಡುವ ವಿಝಾರ್ಡ್ (ಪ್ರಶ್ನೆ ಕೇಳುತ್ತಾ ಕೆಲಸ ಮಾಡಿಕೊಡುವ ಸಹಾಯಕ) ಇದನ್ನು ಕೆಲವೇ ಹೆಜ್ಜೆಗಳಲ್ಲಿ ಮಾಡಿಕೊಡುತ್ತದೆ. ತೆರೆದು ನೋಡಿದಾಗ ಬೇಕಾದ ಲಾಟ್‌ನ ಪಾವತಿಗಳೇ ಕಾಣಿಸಿದ್ದರಿಂದ ಸಂಬಂಧ ಸರಿಯಾಗಿ ಕೂಡಿಕೊಂಡಿದೆ ಎಂದು ನಾನು ತಿಳಿದೆ. ಅದು ತಪ್ಪು ತಿಳಿವಳಿಕೆಯಾಗಿತ್ತು. ಹಾಗೆ ತೆರೆಯುವಾಗ ಕೊಡುವ ಷರತ್ತು ಒಂದು ಜರಡಿಯಷ್ಟೇ. ಈಗಾಗಲೇ ಇರುವ ದಾಖಲೆಗಳಲ್ಲಿ ಬೇಕಾದವನ್ನು ಅದು ಸೋಸಿ ತೋರಿಸುತ್ತದೆಯೇ ಹೊರತು, ಹೊಸದಾಗಿ ಬರೆಯುವ ದಾಖಲೆಗೆ ಲಾಟ್ ನಂಬರನ್ನು ತುಂಬುವುದಿಲ್ಲ. ಮೊದಲ ಹಂಗಾಮಿನ ಕೊನೆಯಲ್ಲಿ ಲೆಕ್ಕ ತಾಳೆ ನೋಡಿದಾಗ 17 ಪಾವತಿಗಳಿಗೆ ಲಾಟ್ ನಂಬರೇ ಇರಲಿಲ್ಲ. ಹಣ ರೈತರಿಗೆ ಮುಟ್ಟಿತ್ತು, ದಿನಾಂಕವಿತ್ತು, ಮೊತ್ತವಿತ್ತು. ಯಾವ ಮಾಲಿಗೆ ಎಂಬುದು ಮಾತ್ರ ಖಾಲಿ. ಬ್ಯಾಂಕ್ ವಿವರ ಮತ್ತು ಕಾಟಾ ಚೀಟಿಗಳನ್ನು ಮುಂದಿಟ್ಟುಕೊಂಡು ಎರಡು ರಾತ್ರಿ ಕುಳಿತು ಒಂದೊಂದನ್ನೇ ಅದರ ಜಾಗಕ್ಕೆ ಸೇರಿಸಬೇಕಾಯಿತು.

ಟೇಬಲ್‌ಗಳ ನಡುವೆ ಸಂಬಂಧದ ಕಟ್ಟುನಿಟ್ಟನ್ನು ಹಾಕಿಯೂ ಇದು ಹೇಗಾಯಿತು ಎಂದು ಕೆಲವರು ಕೇಳಬಹುದು. ಲಾಟ್‌ಗಳ ಟೇಬಲ್‌ನಲ್ಲಿ ಇಲ್ಲದ ನಂಬರನ್ನು ಬರೆಯಲು ಆ ಕಟ್ಟುನಿಟ್ಟು ಬಿಡುವುದಿಲ್ಲ, ಆದರೆ ಏನನ್ನೂ ಬರೆಯದೆ ಖಾಲಿ ಬಿಟ್ಟರೆ ಸುಮ್ಮನಿರುತ್ತದೆ. ಆದ್ದರಿಂದ ಟೇಬಲ್‌ನಲ್ಲಿ ಆ ಫೀಲ್ಡ್‌ಗೆ 'ರಿಕ್ವೈರ್ಡ್' (ಕಡ್ಡಾಯ) ಎಂಬಲ್ಲಿ 'ಯೆಸ್' ಎಂದು ಇಡಲೇಬೇಕು. ಈ ಒಂದು ಹೆಜ್ಜೆಯನ್ನು ಮೊದಲೇ ಇಟ್ಟಿದ್ದರೆ ಮೊದಲ ಖಾಲಿ ಪಾವತಿಯಲ್ಲಿಯೇ ತಂತ್ರಾಂಶ ನಮ್ಮನ್ನು ತಡೆಯುತ್ತಿತ್ತು.

ಪ್ರತ್ಯೇಕ ಫಾರಂಗೆ ನಂಬರನ್ನು ನಿಜವಾಗಿ ದಾಟಿಸಲು ಆಕ್ಸೆಸ್ ಕೊಟ್ಟಿರುವ ಸಾಧನದ ಹೆಸರು 'ಓಪನ್‌ಆರ್ಗ್ಸ್'. ಫಾರಂ ತೆರೆಯುವ ಆಜ್ಞೆಯ ಕೊನೆಯ ಸ್ಥಾನದಲ್ಲಿ ಲಾಟ್ ನಂಬರನ್ನು ಇಟ್ಟು ಕಳುಹಿಸಿದರೆ, ಹೊಸ ಫಾರಂ ತೆರೆದುಕೊಳ್ಳುವಾಗ ಅದನ್ನು ಓದಿಕೊಳ್ಳುತ್ತದೆ. ಚೀಟಿ ಬರೆದು ಹುಡುಗನ ಕೈಯಲ್ಲಿ ಒಳಕೋಣೆಗೆ ಕಳುಹಿಸಿದಂತೆ. ಓದಿಕೊಂಡ ನಂಬರನ್ನು ಏನು ಮಾಡಬೇಕೆಂಬುದರಲ್ಲಿ ಎಚ್ಚರ ಬೇಕು. ಅದನ್ನು ನೇರವಾಗಿ ಫೀಲ್ಡ್‌ನೊಳಗೆ ಬರೆದರೆ, ತೆರೆದ ಕ್ಷಣದಲ್ಲೇ ಹೊಸ ದಾಖಲೆಯೊಂದು ಆರಂಭವಾಗಿಬಿಡುತ್ತದೆ. ಸಾಹುಕಾರರು ಸುಮ್ಮನೆ ನೋಡಲೆಂದು ತೆರೆದು ಮುಚ್ಚಿದರೂ ಮೊತ್ತವಿಲ್ಲದ ಪಾವತಿಯೊಂದು ಉಳಿಯುತ್ತದೆ. ಬದಲಾಗಿ ಆ ಫೀಲ್ಡ್‌ನ 'ಡಿಫಾಲ್ಟ್ ವ್ಯಾಲ್ಯೂ' (ಹೊಸ ದಾಖಲೆಗೆ ಮೊದಲೇ ಗೊತ್ತುಮಾಡಿದ ಮೌಲ್ಯ) ಆಗಿ ಕೊಟ್ಟರೆ, ಬರೆಯಲು ಆರಂಭಿಸಿದ ಮೇಲೆಯೇ ನಂಬರ್ ದಾಖಲೆಗೆ ಸೇರುತ್ತದೆ. ಬರೆಯದೆ ಮುಚ್ಚಿದರೆ ಏನೂ ಉಳಿಯುವುದಿಲ್ಲ. ಈ ಎರಡನೆಯ ದಾರಿಯನ್ನೇ ನಾನು ಎಲ್ಲ ಫಾರಂಗಳಲ್ಲಿ ಅನುಸರಿಸಿದ್ದೇನೆ. ದಾಟಿಸುವುದು ನಂಬರ್ ಆಗಿರದೆ ಅಕ್ಷರಗಳಾಗಿದ್ದರೆ ಡಿಫಾಲ್ಟ್ ಮೌಲ್ಯವನ್ನು ಉದ್ಧರಣ ಚಿಹ್ನೆಗಳೊಳಗೆ ಕೊಡಬೇಕೆಂಬುದನ್ನೂ ನೆನಪಿಡಬೇಕು.

ಇನ್ನೆರಡು ಕಡೆ ಕಾಲು ಜಾರುವ ಸಾಧ್ಯತೆಯಿದೆ. ಲಾಟ್‌ನ ದಾಖಲೆ ಇನ್ನೂ ಸೇವ್ ಆಗದಿರುವಾಗಲೇ ಪಾವತಿಯ ಬಟನ್ ಒತ್ತಿದರೆ, ನಂಬರ್ ದಾಟಿ ಹೋಗುತ್ತದೆ, ಆದರೆ ಆ ನಂಬರಿನ ಲಾಟ್ ಟೇಬಲ್‌ನಲ್ಲಿ ಇನ್ನೂ ಹುಟ್ಟಿರುವುದಿಲ್ಲ. ಆಗ ಪಾವತಿಯನ್ನು ಸೇವ್ ಮಾಡಲು ಹೋದರೆ ಸಂಬಂಧಿತ ದಾಖಲೆ ಬೇಕೆಂದು ಆಕ್ಸೆಸ್ ತಡೆಯುತ್ತದೆ. ಸಬ್‌ಫಾರಂನಲ್ಲಿ ತಾನಾಗಿ ಆಗುತ್ತಿದ್ದ ಸೇವ್ ಅನ್ನು ಇಲ್ಲಿ ಬಟನ್‌ನ ಕೋಡ್‌ನ ಮೊದಲ ಸಾಲಿನಲ್ಲಿ ನಾವೇ ಮಾಡಿಸಬೇಕು. ಎರಡನೆಯದು, ಪಾವತಿ ಫಾರಂ ಆಗಲೇ ತೆರೆದಿದ್ದು ಅದನ್ನು ಮುಚ್ಚದೆಯೇ ಬೇರೊಂದು ಲಾಟ್‌ನಿಂದ ಬಟನ್ ಒತ್ತಿದರೆ, ಫಾರಂ ಮುಂದಕ್ಕೆ ಬರುತ್ತದೆ, ಒಳಗಿನ ಚೀಟಿ ಮಾತ್ರ ಹಳೆಯದೇ ಆಗಿರುತ್ತದೆ. ಒಬ್ಬರ ಹಣ ಇನ್ನೊಬ್ಬರ ಲಾಟ್‌ಗೆ ಬೀಳಲು ಇಷ್ಟು ಸಾಕು. ಆದ್ದರಿಂದ ತೆರೆಯುವ ಮುನ್ನ ಹಳೆಯದನ್ನು ಮುಚ್ಚಿಸುತ್ತೇನೆ, ಜೊತೆಗೆ ಅದು ಮುಚ್ಚುವವರೆಗೆ ಬೇರೆ ಕಡೆ ಕೈಹಾಕಲಾಗದಂತೆ 'ಡೈಲಾಗ್' ವಿಧಾನದಲ್ಲಿ ತೆರೆಸುತ್ತೇನೆ. ತಂತ್ರಾಂಶ ಈ ವಿಷಯದಲ್ಲಿ ಯಾವ ಎಚ್ಚರಿಕೆಯನ್ನೂ ಕೊಡದಿರುವುದು ನನ್ನ ದೃಷ್ಟಿಯಲ್ಲಿ ಇದರ ದೊಡ್ಡ ಕೊರತೆ.

ನಮ್ಮ ಅಂಗಡಿಗೆ ಹೊಸ ರೈತರು ಬಂದಾಗ ಇದೇ ದಾಟಿಸುವಿಕೆ ಹಿಮ್ಮುಖವಾಗಿಯೂ ನಡೆಯಬೇಕು, ಅದನ್ನು ಆಕ್ಸೆಸ್ ಬಹಳ ಅಚ್ಚುಕಟ್ಟಾಗಿ ನಿಭಾಯಿಸುತ್ತದೆ. ಆವಕ ಫಾರಂನಲ್ಲಿ ಹೆಸರು ಆರಿಸುವ ಪೆಟ್ಟಿಗೆಯಲ್ಲಿ ಪಟ್ಟಿಯಲ್ಲಿಲ್ಲದ ಹೆಸರನ್ನು ಬರೆದರೆ 'ನಾಟ್ ಇನ್ ಲಿಸ್ಟ್' ಎಂಬ ಘಟನೆ ಜರುಗುತ್ತದೆ. ಬರೆದ ಹೆಸರನ್ನು ಅಲ್ಲಿಂದ ರೈತರ ಫಾರಂಗೆ ಕಳುಹಿಸಿ, ಊರು, ಖಾತೆ ತುಂಬಿ ಮುಚ್ಚಿದ ಕೂಡಲೇ ಪಟ್ಟಿ ಹೊಸದಾಗಿ ಓದಿಕೊಂಡು ಆ ರೈತರನ್ನೇ ಆರಿಸಿಕೊಳ್ಳುತ್ತದೆ. ಹೊರಗೆ ಕಾಯುತ್ತಿರುವವರಿಗೆ ಹೆಸರು ಹೇಳುವ ಕೆಲಸ ಒಂದೇ ಸಲ.

ಯಾವ ಮೌಲ್ಯವನ್ನು ದಾಟಿಸಬೇಕು, ಯಾವುದನ್ನು ನಕಲು ಮಾಡಿ ಇಡಬೇಕು ಎಂಬುದನ್ನು ತಂತ್ರಾಂಶ ಹೇಳಿಕೊಡುವುದಿಲ್ಲ. ವ್ಯಾಪಾರ ಬಲ್ಲವರೇ ತೀರ್ಮಾನಿಸಬೇಕು. ಹೆಸರು, ಊರು ಎಂದಿಗೂ ನಕಲಾಗಬಾರದು. ನಂಬರ್ ಇದ್ದರೆ ಅವು ಬೇಕಾದಲ್ಲೆಲ್ಲ ಕಾಣಿಸುತ್ತವೆ, ಒಂದು ಕಡೆ ತಿದ್ದಿದರೆ ಎಲ್ಲ ಕಡೆ ತಿದ್ದಿದಂತೆ. ದರ ಹಾಗಲ್ಲ. ಅಂದಿನ ಟೆಂಡರಿನಲ್ಲಿ ಆ ಲಾಟ್‌ಗೆ ಕ್ವಿಂಟಲ್‌ಗೆ ಎಷ್ಟು ಸಿಕ್ಕಿತೋ ಅದು ಪಟ್ಟಿಯೊಳಗೆ ಶಾಶ್ವತವಾಗಿ ಉಳಿಯಬೇಕು. ತೇವಾಂಶವೂ ಹಾಗೆಯೇ, ಅಳೆದ ದಿನದ್ದೇ ಇರಬೇಕು. ಹಣ ಹಾಕಿದ ಬ್ಯಾಂಕ್ ಖಾತೆಯ ಸಂಖ್ಯೆಯನ್ನೂ ನಾನು ಪಾವತಿಯ ದಾಖಲೆಯಲ್ಲಿ ನಕಲು ಮಾಡಿಸುತ್ತೇನೆ. ರೈತರು ಮುಂದೆ ಬ್ಯಾಂಕ್ ಬದಲಿಸಿದರೂ ಅಂದು ಯಾವ ಖಾತೆಗೆ ಹಣ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಬೇಕಾಗುತ್ತದೆ.

ಕನ್ನಡದ ವಿಷಯಕ್ಕೆ ಬಂದರೆ, ಟೇಬಲ್‌ಗಳಲ್ಲಿಯೂ ಫಾರಂಗಳ ಶೀರ್ಷಿಕೆಗಳಲ್ಲಿಯೂ ಯುನಿಕೋಡ್ ಕನ್ನಡ ಯಾವ ತಕರಾರೂ ಇಲ್ಲದೆ ನಿಲ್ಲುತ್ತದೆ, ಫಾರಂನಿಂದ ಫಾರಂಗೆ ದಾಟುವಾಗಲೂ ಕೆಡುವುದಿಲ್ಲ. ಕೋಡ್ ಬರೆಯುವ ವಿಬಿಎ ಕಿಟಕಿಯಲ್ಲಿ ಮಾತ್ರ ಕನ್ನಡ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಹಾಗಾಗಿ ಪರದೆಯ ಮೇಲೆ ತೋರಿಸಬೇಕಾದ ಕನ್ನಡ ಸಂದೇಶಗಳನ್ನೆಲ್ಲ ಒಂದು ಟೇಬಲ್‌ನಲ್ಲಿ ಬರೆದಿಟ್ಟು, ಕೋಡ್‌ನಲ್ಲಿ ಅವುಗಳ ನಂಬರನ್ನಷ್ಟೇ ಬಳಸುತ್ತೇನೆ. ಹಳೆಯ ನುಡಿ ಫಾಂಟ್‌ನಲ್ಲಿ ಬರೆದ ಹೆಸರುಗಳಿದ್ದರೆ ಮೊದಲೇ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು, ಏಕೆಂದರೆ ಕಣ್ಣಿಗೆ ಒಂದೇ ರೀತಿ ಕಂಡರೂ ಒಳಗಿನ ಸಂಕೇತಗಳು ಬೇರೆಯಾಗಿರುವುದರಿಂದ ಹುಡುಕಿದಾಗ ಅವು ಸಿಗುವುದಿಲ್ಲ.

ಹಣ ಕೊಡದೆ ಬಳಸಬಹುದಾದ ಲಿಬ್ರೆಆಫೀಸ್ ಬೇಸ್ ಎಂಬ ಡೇಟಾಬೇಸ್ ತಂತ್ರಾಂಶವನ್ನೂ ನಾನು ಒಂದು ತಿಂಗಳು ಪ್ರಯತ್ನಿಸಿದ್ದೆ. ಅದರಲ್ಲಿಯೂ ಸಬ್‌ಫಾರಂ ಕೂಡಿಸುವ ಫೀಲ್ಡ್‌ಗಳಿವೆ, ಆ ಭಾಗ ಚೆನ್ನಾಗಿದೆ. ಅದರ ಕೋಡ್ ಕಿಟಕಿಯಲ್ಲಿ ಕನ್ನಡ ಕೆಡುವುದಿಲ್ಲ ಎಂಬ ಹೆಚ್ಚಿನ ಅನುಕೂಲವೂ ಇದೆ. ಪ್ರತ್ಯೇಕ ಫಾರಂಗೆ ಮೌಲ್ಯ ದಾಟಿಸಲು ಮಾತ್ರ ಮ್ಯಾಕ್ರೋ (ಚಿಕ್ಕ ಕೋಡ್) ಬರೆಯದೆ ದಾರಿಯಿಲ್ಲ, ಆ ಮ್ಯಾಕ್ರೋ ಆಕ್ಸೆಸ್‌ನದಕ್ಕಿಂತ ಉದ್ದ. ಸಬ್‌ಫಾರಂನಲ್ಲಿಯೇ ಕೆಲಸ ಮುಗಿಯುವ ಚಿಕ್ಕ ಅಂಗಡಿಗೆ ನಾನು ಬೇಸ್ ಅನ್ನೇ ಸೂಚಿಸುತ್ತೇನೆ.

ಆಕ್ಸೆಸ್ ಬೇಕೆನ್ನುವವರು ವಿಂಡೋಸ್ ಕಂಪ್ಯೂಟರಿನಲ್ಲಿ ಮಾತ್ರ ಅದು ನಡೆಯುತ್ತದೆಂಬುದನ್ನೂ, ಒಂದು ಫೈಲ್ 2 ಜಿಬಿ ಮೀರುವಂತಿಲ್ಲವೆಂಬುದನ್ನೂ ತಿಳಿದಿರಬೇಕು. ಮೂರು ಹಂಗಾಮಿನ ನಮ್ಮ ಲೆಕ್ಕ ಆ ಮಿತಿಯ ಹತ್ತಿರಕ್ಕೂ ಹೋಗಿಲ್ಲ. ಫಾರಂಗಳನ್ನು ರೂಪಿಸುವ ಒಂದು ಕಂಪ್ಯೂಟರಿಗೆ ಮಾತ್ರ ಪೂರ್ಣ ಪ್ರತಿಯನ್ನು ಕೊಂಡರೆ ಸಾಕು. ಉಳಿದವುಗಳಿಗೆ ಉಚಿತವಾಗಿ ಸಿಗುವ ರನ್‌ಟೈಮ್ (ಸಿದ್ಧ ಫಾರಂಗಳನ್ನು ನಡೆಸಲು ಮಾತ್ರ ಬರುವ ಆವೃತ್ತಿ) ಹಾಕಿ, ಟೇಬಲ್‌ಗಳಿರುವ ಫೈಲನ್ನು ಒಂದೇ ಕಡೆ ಇಟ್ಟು, ಫಾರಂಗಳಿರುವ ಫೈಲನ್ನು ಪ್ರತಿ ಕಂಪ್ಯೂಟರಿನಲ್ಲೂ ಬೇರೆ ಬೇರೆ ಇಡಬೇಕು. ನಮ್ಮಲ್ಲಿ ಕಾಟಾ ಕಟ್ಟೆಯಿಂದ ಒಳಕೋಣೆಯವರೆಗೆ ವೈಫೈ ಬಿಟ್ಟು ಕೇಬಲ್ಲನ್ನೇ ಎಳೆಸಿದ್ದೇವೆ, ಏಕೆಂದರೆ ಬರೆಯುತ್ತಿರುವಾಗ ಸಂಪರ್ಕ ತಪ್ಪಿದರೆ ಆಕ್ಸೆಸ್ ಫೈಲ್ ಕೆಡುವ ಅಪಾಯವಿದೆ.