ಚರ್ಮದ ಹೊರಪದರಕ್ಕೆ ಅತಿಗೆಂಪು ಸೂಕ್ಷ್ಮದರ್ಶಕ: ಬಳಕೆದಾರರ ವಿಮರ್ಶೆ

ವಿಶ್ವವಿದ್ಯಾಲಯವೊಂದರ ಉಪಕರಣ ಕೇಂದ್ರದಲ್ಲಿ ಗಂಟೆಯ ಬಾಡಿಗೆಗೆ ದೊರೆಯುವ ಎಫ್‌ಟಿಐಆರ್ ಸೂಕ್ಷ್ಮದರ್ಶಕವನ್ನು (ಮಾದರಿಯ ಪ್ರತಿ ಚುಕ್ಕಿಯೂ ಯಾವ ಅತಿಗೆಂಪು ಬೆಳಕನ್ನು ಹೀರುತ್ತದೆಂದು ಅಳೆಯುವ ಉಪಕರಣ) ಹಂದಿಯ ಕಿವಿಯ ಚರ್ಮದ ತೆಳು ಸೀಳುಗಳಿಗೆ ಬಳಸಿದ್ದೇನೆ. ಬಣ್ಣ ಹಾಕದೆಯೇ ಕೊಬ್ಬು, ಪ್ರೋಟೀನುಗಳ ಹಂಚಿಕೆಯನ್ನು ನಕ್ಷೆಯಾಗಿ ತೋರಿಸುವುದು ಇದರ ದೊಡ್ಡ ಗುಣ. ಹೊರಪದರದ (ಚರ್ಮದ ಮೇಲಿನ ಸತ್ತ ಕೋಶಗಳ ಪೊರೆ) ಕೊಬ್ಬಿನ ಸರಪಳಿಗಳು ಒತ್ತಾಗಿ ಜೋಡಣೆಗೊಂಡಿರುವಾಗ ಪ್ರತಿ ಸೆಂಟಿಮೀಟರಿಗೆ 2850ರ ಆಸುಪಾಸಿನ ತರಂಗಸಂಖ್ಯೆಯಲ್ಲಿ (ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆಗಳು ಎಂಬ ಲೆಕ್ಕ) ಕಾಣುವ ಹೀರಿಕೆಯ ಶಿಖರವು, ಓಲಿಯಿಕ್ ಆಮ್ಲದಂತಹ ಪ್ರವೇಶವರ್ಧಕವನ್ನು (ಔಷಧಿ ಚರ್ಮದೊಳಗೆ ಇಳಿಯಲು ನೆರವಾಗುವ ವಸ್ತು) ಹಚ್ಚಿದ ಮೇಲೆ ಒಂದೆರಡು ಅಂಕಿಯಷ್ಟು ಮೇಲಕ್ಕೆ ಸರಿದರೆ, ಜೋಡಣೆ ಸಡಿಲಗೊಂಡಿರಬಹುದೆಂದು ಊಹಿಸಬಹುದು; ಆದರೆ ಆಮ್ಲದ ಸಂಕೇತವೂ ಅಲ್ಲಿಯೇ ಬೀಳುವುದರಿಂದ, ಹೈಡ್ರೋಜನ್ ಬದಲು ಅದರ ಭಾರವಾದ ರೂಪವಾದ ಡ್ಯುಟೀರಿಯಂ ಸೇರಿಸಿದ ಆಮ್ಲವನ್ನು ಬಳಸಿ ಅದನ್ನು 2100–2200ರ ಆಸುಪಾಸಿನ ಖಾಲಿ ಜಾಗಕ್ಕೆ ಸರಿಸದ ಹೊರತು ಚರ್ಮದ್ದು ಯಾವುದು, ಹಚ್ಚಿದ್ದು ಯಾವುದು ಎಂದು ಖಚಿತವಾಗಿ ಹೇಳಲಾಗದು. (ಆ ಆಮ್ಲದ ಬೆಲೆ ಕೇಳಿದರೆ ಮಾರ್ಗದರ್ಶಕರ ಮುಖ ಬಾಡುತ್ತದೆ.)

ಕೊರತೆಯೂ ಉಂಟು. ಹೊರಪದರ ಸಾಮಾನ್ಯವಾಗಿ 10–20 ಮೈಕ್ರೋಮೀಟರ್ ದಪ್ಪವಿದ್ದು, ಚಿತ್ರದ ಒಂದು ಚುಕ್ಕಿಯೇ ಸುಮಾರು 6 ಮೈಕ್ರೋಮೀಟರ್ ಇರುವುದರಿಂದ ಆಳದ ವಿವರ ಎರಡು ಮೂರು ಚುಕ್ಕಿಗಳಲ್ಲೇ ಮುಗಿಯುತ್ತದೆ. ಉಪಕರಣದೊಳಗೆ ಒಣಗಾಳಿಯ ಹರಿವು ಸರಿಯಿಲ್ಲದ ದಿನ ನೀರಾವಿಯ ಗೆರೆಗಳು ಪ್ರೋಟೀನಿನ ಗುರುತಾದ 1650ರ ಅಮೈಡ್ ಶಿಖರದ ಮೇಲೆ ಮುಳ್ಳುಗಳಂತೆ ಎದ್ದು ನಿಂತಿದ್ದವು. ಬೆಳಕಿನ ಸಂವೇದಕವನ್ನು ತಣ್ಣಗಿಡುವ ದ್ರವ ಸಾರಜನಕವನ್ನು ಬಾಡಿಗೆಯಲ್ಲೇ ಸೇರಿಸಿರುವುದು ಮಾತ್ರ ಮೆಚ್ಚತಕ್ಕದ್ದು. ಕೊಬ್ಬಿನ ಜೋಡಣೆಯೇ ಪ್ರಶ್ನೆಯಾಗಿರುವವರು ಧಾರಾಳವಾಗಿ ಬಳಸಬಹುದು.