ಕಡಪ ಶೆಲ್ಫೋ, ಡ್ರಾಯರೋ, ಉಗ್ರಾಣವೋ?

ತುಮಕೂರು ಸೀಮೆಯ ಅಡುಗೆಮನೆಗೆ ಎರಡು ಬಗೆಯ ಸಾಮಾನು ಬರುತ್ತೆ. ಒಂದು ತಿಂಗಳ ಸಾಮಾನು: ಬೇಳೆ, ರವೆ, ಸಕ್ಕರೆ, ಎಣ್ಣೆ, ಸಾಸಿವೆ, ಜೀರಿಗೆ. ಇನ್ನೊಂದು ವರ್ಷದ ಸಾಮಾನು: ಊರಿನಿಂದ ಬರೋ ರಾಗಿ ಮೂಟೆ, ಬೇಸಿಗೆಯಲ್ಲಿ ಬೀಜ ಬಿಡಿಸಿ ಉಂಡೆ ಕಟ್ಟಿದ ಹುಣಸೆಹಣ್ಣು, ಒಣಮೆಣಸಿನಕಾಯಿ, ಅವರೆಕಾಳು, ಹುರುಳಿಕಾಳು, ತಿಪಟೂರು ಕಡೆ ನೆಂಟರಿದ್ದರೆ ಉಂಡೆ ಕೊಬ್ಬರಿ. ಇಂಟೀರಿಯರ್ ಕ್ಯಾಟಲಾಗುಗಳಲ್ಲಿ ಕಾಣುವ ಪ್ಯಾಂಟ್ರಿಗಳೆಲ್ಲ ಮೊದಲನೆಯದಕ್ಕೆ ಮಾತ್ರ ಮಾಡಿದವು. ಒಂದೇ ಅಳತೆಯ ಗಾಜಿನ ಜಾಡಿಗಳ ಸಾಲು, ಒಳಗೆ ಪಾವು ಪಾಸ್ತಾ. ರಾಗಿ ಮೂಟೆ ಎಲ್ಲಿಡೋದಪ್ಪಾ ಅಂದರೆ ಡಿಸೈನ್ ಮಾಡೋ ಹುಡುಗ "ಯುಟಿಲಿಟಿಯಲ್ಲಿಡಿ ಮೇಡಂ" ಅಂತಾನೆ. ವಾಷಿಂಗ್ ಮೆಷಿನ್ ನೀರು ಹರಿಯೋದೂ ಅದೇ ಯುಟಿಲಿಟಿಯಲ್ಲಿ.

ನಾನು ಮೂರು ತರದ ವ್ಯವಸ್ಥೆಯಲ್ಲೂ ಸಂಸಾರ ಮಾಡಿದ್ದೀನಿ. ಅಶೋಕನಗರದ ಬಾಡಿಗೆ ಮನೆಯಲ್ಲಿ ಕಡಪ ಕಲ್ಲಿನ ತೆರೆದ ಶೆಲ್ಫು. ಈಗಿರೋ ಸ್ವಂತ ಮನೆಯಲ್ಲಿ ಮಾಡ್ಯುಲರ್ ಕಿಚನ್. ಗುಬ್ಬಿ ತಾಲ್ಲೂಕಿನ ಅತ್ತೆ ಮನೆಯಲ್ಲಿ ಹಳೇ ಕಾಲದ ಉಗ್ರಾಣ. ಹಬ್ಬಕ್ಕೆ, ಬೇಸಿಗೆ ರಜೆಗೆ ಹೋದಾಗ ಅದರ ಬೀಗದಕೈ ನನ್ನ ಸೊಂಟಕ್ಕೇ. ಮೂರನ್ನೂ ನಾನು ಅಳೆಯೋದು ಒಂದೇ ಲೆಕ್ಕದಲ್ಲಿ: ಒಲೆ ಮೇಲೆ ಒಗ್ಗರಣೆ ಸಿಡೀತಿರುವಾಗ ಕೈಗೆ ಸಿಗಬೇಕು, ಹಿಂದಿರೋ ಡಬ್ಬಿಯಲ್ಲಿ ಏನಿದೆ ಎಷ್ಟಿದೆ ಅಂತ ಗೊತ್ತಾಗಬೇಕು.

ಕಡಪ ಶೆಲ್ಫಿನ ಬಗ್ಗೆ ಜನ ಈಗ ಮೂಗು ಮುರೀತಾರೆ, ಬಡವರ ಮನೆಯದು ಅನ್ನೋ ಹಾಗೆ. ನನಗೆ ಅದರ ಮೇಲೆ ಗೌರವ ಇದೆ. ಗೆದ್ದಲು ಹಿಡಿಯಲ್ಲ, ನೀರಿಗೆ ಉಬ್ಬಲ್ಲ, ಇಪ್ಪತ್ತು ಕೆಜಿ ಹೇರಿದರೂ ಬಾಗಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗೀತು. ತೊಂದರೆ ಕಲ್ಲಿನದಲ್ಲ, ಆಳದ್ದು. ಕಟ್ಟೆಯ ಕೆಳಗಿನ ಶೆಲ್ಫು ಕಟ್ಟೆಯಷ್ಟೇ ಆಳ ಇರುತ್ತೆ, ಹತ್ತಿರ ಹತ್ತಿರ ಎರಡು ಅಡಿ. ಎರಡು ಅಡಿ ಆಳ ಅಂದರೆ ಮೂರು ಸಾಲು ಡಬ್ಬಿ. ಮೂರನೇ ಸಾಲಿನಲ್ಲಿರೋದು ದೀಪಾವಳಿ ಸ್ವಚ್ಛತೆಯವರೆಗೆ ಹೊರಗೆ ಬರಲ್ಲ. ಅದೇ ಮನೆಯಲ್ಲಿ ಗೋಡೆಯೊಳಗೆ ಕೊರೆದು ಕೂರಿಸಿದ ಒಂದಡಿ ಆಳದ ಶೆಲ್ಫೂ ಇತ್ತು. ಅದರಲ್ಲಿ ಒಂದು ದೊಡ್ಡ ಡಬ್ಬಿ, ಅದರ ಮುಂದೆ ಒಂದು ಚಿಕ್ಕದು, ಅಷ್ಟೇ ಹಿಡಿಯೋದು. ನಿಂತ ಜಾಗದಿಂದಲೇ ಎಲ್ಲ ಕಾಣೋದು. ಇಷ್ಟು ಕಿಚನ್ ನೋಡಿದ ಮೇಲೂ ದಿನಸಿಗೆ ಅದಕ್ಕಿಂತ ಒಳ್ಳೇ ಜಾಗ ನಾನು ಕಂಡಿಲ್ಲ.

ಕಡಪ ಸುಣ್ಣದ ಜಾತಿಯ ಕಲ್ಲು, ಹುಳಿಗೆ ಆಗಲ್ಲ. ಹುಣಸೆ ರಸ, ನಿಂಬೆರಸ ಚೆಲ್ಲಿ ಹಾಗೇ ಬಿಟ್ಟರೆ ಅಲ್ಲಿ ಹೊಳಪು ಹೋಗಿ ಬಿಳಿಚಿಕೊಂಡ ಮಚ್ಚೆ ಉಳಿಯುತ್ತೆ, ಉಜ್ಜಿದರೂ ಹೋಗಲ್ಲ. ತೆರೆದ ಶೆಲ್ಫಿನ ಇನ್ನೊಂದು ಗೋಳು ಎಣ್ಣೆ ಜಿಡ್ಡು. ಒಲೆ ಕಡೆಯ ಡಬ್ಬಿಗಳ ಮುಚ್ಚಳ ಅಂಟು ಅಂಟು, ಅದರ ಮೇಲೆ ಧೂಳು. ಜಿರಲೆ ವಿಷಯ ಹೇಳೋದೇ ಬೇಡ.

ಮಾಡ್ಯುಲರ್ ಅನ್ನೋದು ಒಂದೇ ವಸ್ತು ಅಲ್ಲ. ಕಟ್ಟೆ ಕೆಳಗಿನ ಡ್ರಾಯರ್ ಬೇರೆ, ನೆಲದಿಂದ ಮೇಲಿನವರೆಗೆ ಹೋಗೋ ಟಾಲ್ ಯೂನಿಟ್ ಬೇರೆ. ಡ್ರಾಯರ್‌ಗೆ ನಾನು ಪೂರ್ತಿ ಅಂಕ ಕೊಡ್ತೀನಿ. ಶೆಲ್ಫಿನಲ್ಲಿ ಶಾಪವಾಗಿದ್ದ ಎರಡು ಅಡಿ ಆಳ ಇಲ್ಲಿ ವರ ಆಗುತ್ತೆ, ಯಾಕಂದರೆ ಎಳೆದರೆ ಮೂರನೇ ಸಾಲೂ ಮುಂದಕ್ಕೆ ಬರುತ್ತೆ. ಮೇಲಿನಿಂದ ನೋಡ್ತೀವಾದ್ದರಿಂದ ಹೆಸರಿನ ಚೀಟಿ ಮುಚ್ಚಳದ ಮೇಲೆ ಅಂಟಿಸಬೇಕು. ಅತ್ತೆ ಬಂದಾಗ ಇದನ್ನ ನೋಡಿ, "ಮೆಂತ್ಯ ಯಾವುದು ಅಂತ ಓದಿ ತಿಳ್ಕೋಬೇಕೇನಮ್ಮಾ, ಮೂಸಿದ್ರೆ ಗೊತ್ತಾಗಲ್ವಾ?" ಅಂದಿದ್ದರು. ಆದರೂ ಬೆಳಿಗ್ಗೆ ಅವರೇ ಚೀಟಿ ನೋಡಿ ಕಡಲೆಬೇಳೆ ತೆಗೆದರು, ನಾನು ನೋಡದ ಹಾಗೆ ಇದ್ದೆ.

ಡ್ರಾಯರ್ ಹೊರುವ ಭಾರಕ್ಕೆ ಒಂದು ಮಿತಿ ಇದೆ. ಸಾಮಾನ್ಯವಾಗಿ ಹಾಕೋ ಚಾನೆಲ್‌ಗಳು, ಅಂದರೆ ಡ್ರಾಯರ್ ಜಾರೋ ಹಳಿಗಳು, 30ರಿಂದ 45 ಕೆಜಿಯವು, ಡಬ್ಬಿಗಳ ತೂಕವೂ ಅದರಲ್ಲೇ ಸೇರಿ. ಅಕ್ಕಿ, ಬೇಳೆ, ಸಕ್ಕರೆ ಮೂರನ್ನೂ ಒಂದೇ ಡ್ರಾಯರ್‌ಗೆ ತುಂಬಿದರೆ ಆ ಮಿತಿ ಮುಟ್ಟೋಕೆ ಬಹಳ ಹೊತ್ತು ಬೇಡ. ಟಾಲ್ ಯೂನಿಟ್ ಮಾತ್ರ ನನಗೆ ಹಿಡಿಸಲಿಲ್ಲ. ದುಡ್ಡು ಜಾಸ್ತಿ, ಒಳಗಿನ ತಂತಿ ಬುಟ್ಟಿಗಳು ಕಿರಿದು, ನಮ್ಮ ದುಂಡನೆಯ ಸ್ಟೀಲ್ ಡಬ್ಬಿ ಒಂದಿಟ್ಟರೆ ಪಕ್ಕದಲ್ಲಿ ಬೆರಳು ಹೋಗುವಷ್ಟು ಸಂದಿ ಉಳಿಯುತ್ತೆ, ಇನ್ನೇನೂ ಹಿಡಿಯಲ್ಲ. ಬಿಸ್ಕತ್ತು, ಸಾಸ್ ಬಾಟಲಿ, ಶ್ಯಾವಿಗೆ ಪ್ಯಾಕೆಟ್ ತಿನ್ನೋ ಮನೆಗೆ ಅದು ಸರಿ.

ಮರದ ವಿಷಯ ಒಂದೇ ಮಾತು: ಸಿಂಕಿನ ಕೆಳಗೆ, ಅಕ್ಕಪಕ್ಕ ಐಎಸ್ 710 ಮುದ್ರೆಯ (ನೀರು ತಡೆಯೋ ಪ್ಲೈವುಡ್ಡಿನ ಗುಣಮಟ್ಟದ ಗುರುತು) ಮೆರೈನ್ ಪ್ಲೈ ಹಾಕಿಸಿ. ಪಾರ್ಟಿಕಲ್ ಬೋರ್ಡು ಅಂಚಿನಿಂದ ನೀರು ಕುಡಿದು ಉಬ್ಬುತ್ತೆ, ಉಬ್ಬಿದ್ದು ಮತ್ತೆ ಇಳಿಯಲ್ಲ.

ಇನ್ನು ಉಗ್ರಾಣ. ಅತ್ತೆ ಮನೆಯದು ಅಡುಗೆಮನೆಗೆ ಅಂಟಿಕೊಂಡ ಪುಟ್ಟ ಕೋಣೆ, ಮಣ್ಣಿನ ದಪ್ಪ ಗೋಡೆ, ಮೇಲೆ ಜಾಲರಿ ಹೊಡೆದ ಒಂದು ಗವಾಕ್ಷಿ. ಏಪ್ರಿಲ್ ಬಿಸಿಲಲ್ಲೂ ಒಳಗೆ ಕಾಲಿಟ್ಟರೆ ತಣ್ಣಗೆ. ತಂಪು, ಕತ್ತಲೆ, ಗಾಳಿ, ಮೂರೂ ಇರೋದರಿಂದ ಮೆಣಸಿನಕಾಯಿ ಬಣ್ಣ ಬಿಡಲ್ಲ, ಕೊಬ್ಬರಿ ಬೇಗ ಕಮಟು ಹಿಡಿಯಲ್ಲ. ರಾಗಿ ಮೂಟೆ ಮರದ ಹಲಗೆ ಮೇಲೆ, ಗೋಡೆಯಿಂದ ಒಂದು ಗೇಣು ದೂರ. ನೆಲಕ್ಕೆ ತಾಗಿದರೆ ಥಂಡಿ ಏರುತ್ತೆ, ಗೋಡೆಗೆ ಒರಗಿದರೆ ಇಲಿಗೆ ಅಡಗೋ ಜಾಗ. ರಾಗಿಯ ಮಟ್ಟಿಗೆ ಇಷ್ಟು ಸಾಕು. ಚೆನ್ನಾಗಿ ಒಣಗಿದ ರಾಗಿಗೆ ಹುಳು ಬೀಳೋದು ಅಪರೂಪ. ಹಿಂದೆ ಈ ಕಡೆ ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಡ್ತಿದ್ದದ್ದು ಅದಕ್ಕೇ. ಹಿಟ್ಟು ಮಾಡಿಸಿದ ಮೇಲೆ ಆ ಭರವಸೆ ಇಲ್ಲ, ಹಿಟ್ಟನ್ನ ತಿಂಗಳಿಗೆ ಬೇಕಾದಷ್ಟೇ ಬೀಸಿಸಬೇಕು.

ಉಗ್ರಾಣದ ದೋಷ ಅದರ ಬಾಗಿಲು. ದಿನಕ್ಕೆ ಹತ್ತು ಸಲ ಎದ್ದು ಹೋಗಿ ಬರೋದು ಕೂಡುಕುಟುಂಬಕ್ಕೆ ಸರಿ, ಎಂಟೂವರೆಗೆ ಬಸ್ಸು ಹಿಡಿಯೋರಿಗಲ್ಲ. ಒಳಗೆ ಹೋಗಿದ್ದು ಮರೆತೂ ಹೋಗುತ್ತೆ. ಹೋದ ವರ್ಷದ ಹುಣಸೆ ಮುಗಿಯೋ ಮೊದಲೇ ಈ ವರ್ಷದ್ದು ಒಡೆದಿರ್ತೀವಿ.

ಡಬ್ಬಿಗಳ ಜಗಳ ಇದಕ್ಕಿಂತ ದೊಡ್ಡದು. ಸ್ಟೀಲ್, ಗಾಜು, ಪ್ಲಾಸ್ಟಿಕ್ ಮೂರರಲ್ಲಿ ನನ್ನ ಓಟು ಸ್ಟೀಲಿಗೆ, ಬಿಗಿ ಮುಚ್ಚಳ ಇದ್ದರೆ. ಬೀಳುತ್ತೆ, ಸೊಟ್ಟಗಾಗುತ್ತೆ, ಒಡೆಯಲ್ಲ. ಆದರೆ ಕಲ್ಲುಪ್ಪು, ಹುಣಸೆಹಣ್ಣು ಅದರೊಳಗೆ ಬೇಡ. ಉಪ್ಪು ಸ್ಟೀಲಿಗೂ ಚುಕ್ಕೆ ಚುಕ್ಕೆ ತೂತು ಕೊರೆಯುತ್ತೆ. ಅವೆರಡಕ್ಕೂ ಪಿಂಗಾಣಿ ಭರಣಿನೇ. ಗಾಜಿನ ಜಾಡಿ ನೋಡೋಕೆ ಚೆಂದ, ಬೆಳಕಿಗಿಟ್ಟರೆ ಖಾರದಪುಡಿ ಬಣ್ಣ ಕಳ್ಕೊಳ್ಳುತ್ತೆ, ಹಾಗಾಗಿ ಡ್ರಾಯರ್ ಒಳಗೆ ಮಾತ್ರ. ಪ್ಲಾಸ್ಟಿಕ್ ಡಬ್ಬಿಗೆ ಹಿಂಗು, ಸಾರಿನಪುಡಿ ವಾಸನೆ ಒಮ್ಮೆ ಹಿಡಿದರೆ ಬಿಡಲ್ಲ. ಆದರೆ ಚೌಕ ಇರೋದೇ ಅದರ ಬಲ. ಚೌಕದ ಜಾಗದಲ್ಲಿ ದುಂಡು ಡಬ್ಬಿ ಇಟ್ಟರೆ ನೂರಕ್ಕೆ 21 ಭಾಗ ಮೂಲೆಗಳಿಗೇ ಹೋಗುತ್ತೆ. ಅವಲಕ್ಕಿ, ಮಂಡಕ್ಕಿಯಂಥ ಹಗುರ ಸಾಮಾನಿಗೆ ಚೌಕದ್ದೇ ಇರಲಿ.

ಮಂಡಿಪೇಟೆಗೆ ಡಬ್ಬಿ ತರೋಕೆ ಹೋಗೋ ಮುಂಚೆ ಈ ಲೆಕ್ಕ ತಲೇಲಿರಲಿ: ಒಂದು ಲೀಟರ್ ಡಬ್ಬಿಗೆ ಒಂದು ಕೆಜಿ ಬೇಳೆ ಹಿಡಿಯಲ್ಲ, ಒಂದೂಕಾಲು ಲೀಟರ್‌ನದು ಬೇಕು. ಒಂದು ಕೆಜಿ ರಾಗಿಹಿಟ್ಟಿಗೆ ಎರಡು ಲೀಟರ್‌ನದೇ ತಗೊಳ್ಳಿ. ಹತ್ತು ಲೀಟರ್ ಡಬ್ಬದಲ್ಲಿ ಅಕ್ಕಿ ಎಂಟು ಕೆಜಿ ಕೂರುತ್ತೆ. ಒಂದು ಲೀಟರ್ ಡಬ್ಬಿಯಲ್ಲಿ ಹಿಡಿಯದೆ ಮಿಕ್ಕ ಆ ಇನ್ನೂರು ಗ್ರಾಂ ಬೇಳೆಯೇ ರಬ್ಬರ್ ಬ್ಯಾಂಡ್ ಹಾಕಿದ ಪ್ಯಾಕೆಟ್ ಆಗಿ ಇಡೀ ಶೆಲ್ಫನ್ನ ಹಾಳು ಮಾಡೋದು.

ಅವರೆಕಾಳು, ಅಲಸಂದೆ, ಹೆಸರುಕಾಳಿನ ಹುಳಕ್ಕೆ ಮಾತ್ರ ಶೆಲ್ಫು, ಡ್ರಾಯರ್ ಅನ್ನೋ ಭೇದ ಇಲ್ಲ. ಹೊಲದಲ್ಲಿ ಕಾಯಿ ಮೇಲೇ ಮೊಟ್ಟೆ ಇಟ್ಟಿರುತ್ತೆ, ಕಾಳಿನ ಜೊತೆ ತಾನೇ ಮನೆಗೆ ಬರುತ್ತೆ. ಬಿಗಿ ಡಬ್ಬಿ ಹೊರಗಿನದನ್ನ ತಡೀಬಹುದು, ಒಳಗಿರೋದನ್ನಲ್ಲ. ಕೆಜಿ ಎರಡು ಕೆಜಿ ಇದ್ದರೆ ಫ್ರೀಜರಿನಲ್ಲಿ ನಾಲ್ಕೈದು ದಿನ ಇಟ್ಟು, ಹೊರತೆಗೆದು ಪೊಟ್ಟಣ ಬಿಚ್ಚದೆ ಪೂರ್ತಿ ತಣುಪು ಬಿಡಿಸಿ, ಆಮೇಲೆ ಡಬ್ಬಿಗೆ. ಜಾಸ್ತಿ ಇದ್ದರೆ ಹಳೇ ದಾರಿ: ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಆರಿದ ಮೇಲೆ ಹರಳೆಣ್ಣೆ ಸವರಿ, ಡಬ್ಬದ ಬಾಯಿಯವರೆಗೂ ತುಂಬೋದು. ಅರ್ಧ ಖಾಲಿ ಡಬ್ಬದಲ್ಲಿ ಹುಳಕ್ಕೆ ಉಸಿರಾಡೋಕೆ ಗಾಳಿ ಧಾರಾಳ.

ಹಾಗಾದರೆ ಯಾವುದು? ಊರಿನಿಂದ ಏನೂ ಬರಲ್ಲ, ವಾರ ವಾರ ಕೊಳ್ತೀವಿ ಅನ್ನೋರು ಡ್ರಾಯರ್ ಮಾಡಿಸಿ ನೆಮ್ಮದಿಯಾಗಿರಿ. ಬಾಡಿಗೆ ಮನೆಯ ಆಳದ ಕಡಪ ಶೆಲ್ಫಿಗೆ ಎರಡು ಉದ್ದನೆ ಟ್ರೇ ತಂದು ಡಬ್ಬಿಗಳನ್ನ ಅದರೊಳಗಿಡಿ, ಎಳೆದರೆ ಅದೇ ಡ್ರಾಯರ್. ಮನೆ ಕಟ್ಟಿಸ್ತಾ ಇದ್ದು, ರಾಗಿ, ಹುಣಸೆ ಬರೋ ಮನೆ ನಿಮ್ಮದಾದರೆ ಟಾಲ್ ಯೂನಿಟ್ಟಿನ ದುಡ್ಡನ್ನ ಉಳಿಸಿ. ಅಡುಗೆಮನೆ ಪಕ್ಕ, ಬಿಸಿಲು ಬೀಳದ ಕಡೆ ನಾಲ್ಕಡಿ ಐದಡಿ ಜಾಗ ಬಿಟ್ಟು ಮೂರು ಗೋಡೆಗೂ ಒಂದಡಿ ಆಳದ ಕಡಪ ಹಾಕಿಸಿ. ಒಂದು ಗೋಡೆಯ ಕೆಳಗಿನ ಸಾಲನ್ನ ಮೂಟೆಗೆ ಅಂತ ಖಾಲಿ ಬಿಡಿಸಿ. ತಿಂಗಳ ಸಾಮಾನಿಗೆ ಒಲೆ ಪಕ್ಕ ಎರಡು ಡ್ರಾಯರ್ ಸಾಕು. ಬಾಗಿಲು ಹೊರಕ್ಕೆ ತೆರೆಯೋ ಹಾಗೆ ಬಡಗಿಗೆ ಮೊದಲೇ ಹೇಳಿ; ಒಳಕ್ಕೆ ತೆರೆದರೆ ಒಂದು ಗೋಡೆಯ ಶೆಲ್ಫು ಬಾಗಿಲಿಗೇ ಹೋಗುತ್ತೆ.