ಹ್ಯಾಂಕ್ ಆರನ್ ಅವರ ಟಾಪ್ಸ್ ಕಾರ್ಡುಗಳು: ಯಾವುದನ್ನು ಕೊಳ್ಳಬೇಕು, ಎಲ್ಲಿ ಎಚ್ಚರ ಬೇಕು

ಹ್ಯಾಂಕ್ ಆರನ್ ಅಮೆರಿಕದ ಬೇಸ್‌ಬಾಲ್ ಆಟಗಾರ, ದೊಡ್ಡ ಲೀಗ್‌ನಲ್ಲಿ ಆಡಿದ್ದು 1954ರಿಂದ 1976ರವರೆಗೆ, 23 ಸೀಸನ್. ಅಷ್ಟೂ ವರ್ಷ ಟಾಪ್ಸ್ ಕಂಪನಿ ಬಬಲ್ ಗಮ್ ಪೊಟ್ಟಣದೊಳಗೆ ಅವರ ಚಿತ್ರದ ಕಾರ್ಡು ಇಟ್ಟು ಮಾರಿತು. ಒಬ್ಬ ಆಟಗಾರನ ಇಡೀ ವೃತ್ತಿಜೀವನವನ್ನು ಕೈಯಲ್ಲಿ ಹಿಡಿದು ನೋಡಲು ಇದಕ್ಕಿಂತ ಒಳ್ಳೆಯ ಸರಣಿ ಸಿಗುವುದು ಕಷ್ಟ. ಆದರೆ ಇದರಲ್ಲಿ ಮೂರು ಕಾರ್ಡುಗಳು ಸುಳ್ಳು ಹೇಳುತ್ತವೆ. ಅದು ಗೊತ್ತಿದ್ದೇ ಕೊಳ್ಳಬೇಕು.

ಮೊದಲನೆಯದು 1954ರದ್ದು, ಸಂಖ್ಯೆ 128, ಕಿತ್ತಳೆ ಹಿನ್ನೆಲೆ. ಅಲಬಾಮಾದ ಮೊಬೈಲ್ ಊರಿನಲ್ಲಿ 1934ರಲ್ಲಿ ಹುಟ್ಟಿದ ಹುಡುಗ ಈ ಕಾರ್ಡಿಗೆ ಬಂದು ನಿಂತ ದಾರಿ ಸುಲಭದ್ದಲ್ಲ. 1952ರಲ್ಲಿ ಕಪ್ಪು ಆಟಗಾರರ ತಂಡವಾದ ಇಂಡಿಯಾನಾಪೊಲಿಸ್ ಕ್ಲೌನ್ಸ್‌ನಿಂದ ಬ್ರೇವ್ಸ್ ತಂಡ ಅವರನ್ನು ಕೊಂಡಿತು. 1953ರಲ್ಲಿ ಜಾಕ್ಸನ್‌ವಿಲ್‌ ತಂಡಕ್ಕೆ ಆಡುತ್ತಾ .362 ಸರಾಸರಿಯಲ್ಲಿ (ನೂರು ಸರದಿಗೆ ಸುಮಾರು 36 ಯಶಸ್ವಿ ಹೊಡೆತ) ಹೊಡೆದು ಆ ಲೀಗ್‌ನ ಶ್ರೇಷ್ಠ ಆಟಗಾರ ಎನಿಸಿಕೊಂಡರು. ಆದರೂ ಬಿಳಿಯ ಸಹ ಆಟಗಾರರು ತಂಗುತ್ತಿದ್ದ ಹೋಟೆಲಿನಲ್ಲಿ ಅವರಿಗೆ ಕೋಣೆ ಇರಲಿಲ್ಲ. 1954ರ ಮಾರ್ಚ್‌ನಲ್ಲಿ ಬ್ರೇವ್ಸ್ ಆಟಗಾರ ಬಾಬಿ ಥಾಮ್ಸನ್ ಪಾದದ ಕೀಲು ಮುರಿದುಕೊಂಡಿದ್ದರಿಂದ ಮಿಲ್ವಾಕಿ ಊರಿನ ಆ ತಂಡದಲ್ಲಿ ಜಾಗ ತೆರವಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ಆರನ್ ತಮ್ಮ ಪಾದದ ಕೀಲನ್ನೂ ಮುರಿದುಕೊಂಡು, 13 ಹೋಮ್ ರನ್‌ಗೆ (ಚೆಂಡನ್ನು ಮೈದಾನದಾಚೆ ಅಟ್ಟುವ ಹೊಡೆತ) ಆ ವರ್ಷ ಮುಗಿಸಿದರು.

ಸಾಧಾರಣ ಸ್ಥಿತಿಯ ಪ್ರತಿಗೂ ಲಕ್ಷ ರೂಪಾಯಿಗಳ ಲೆಕ್ಕವಾದ್ದರಿಂದ ನಕಲಿ ಕಾರ್ಡುಗಳು ಹೆಚ್ಚು. ಮೊದಲು ಸ್ಕೇಲ್ ಹಿಡಿಯಿರಿ. ಅಸಲಿ ಕಾರ್ಡು 2⅝ × 3¾ ಇಂಚು, ಅಂದರೆ ಸುಮಾರು 67 × 95 ಮಿಲಿಮೀಟರ್. 1957ರಿಂದ ಟಾಪ್ಸ್ 2½ × 3½ ಇಂಚಿಗೆ ಇಳಿಯಿತು. 1954ರ ಕಾರ್ಡು ಆ ಸಣ್ಣ ಅಳತೆಯಲ್ಲಿ ಕಂಡರೆ ಅದು ಮರುಮುದ್ರಣ. ಒಂದೆರಡು ಮಿಲಿಮೀಟರ್ ಮಾತ್ರ ಕಡಿಮೆಯಿದ್ದರೆ ಸವೆದ ಅಂಚನ್ನು ಯಾರೋ ಕತ್ತರಿಸಿರುತ್ತಾರೆ. ಈ ವಿನ್ಯಾಸದಲ್ಲಿ ಬಿಳಿ ಅಂಚು ಮೂರೇ ಬದಿಗೆ. ಮೇಲೆ ಬಣ್ಣ ತುದಿಯವರೆಗೂ ಹೋಗುತ್ತದೆ. ಹಾಗಾಗಿ ಮೇಲಿನಿಂದ ಕತ್ತರಿಸಿದ್ದು ಕಣ್ಣಿಗೆ ಬೀಳುವುದಿಲ್ಲ, ಅಳೆದೇ ನೋಡಬೇಕು. ಆಮೇಲೆ ಭೂತಗನ್ನಡಿ: ಅಸಲಿಯಲ್ಲಿ ಕಪ್ಪು ಅಕ್ಷರಗಳು ಗಟ್ಟಿ ಮಸಿಯಲ್ಲಿರುತ್ತವೆ, ಕಾರ್ಡನ್ನು ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದರಲ್ಲಿ ಅಕ್ಷರವೂ ಚುಕ್ಕೆಚುಕ್ಕೆಯಾಗಿ ಒಡೆದಿರುತ್ತದೆ. ಕೊನೆಗೆ ಕತ್ತಲಲ್ಲಿ ಯುವಿ ಟಾರ್ಚ್ ಬಿಡಿ. ಈಗಿನ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಸೇರಿಸುವುದರಿಂದ ಅದು ನೀಲಿಯಾಗಿ ಹೊಳೆಯುತ್ತದೆ. ಆ ಕಾಲದ ರಟ್ಟು ಮಂಕಾಗಿಯೇ ಇರುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಈ ಒಂದು ಕಾರ್ಡನ್ನು ಪಿಎಸ್ಎ ಅಥವಾ ಎಸ್‌ಜಿಸಿ (ಕಾರ್ಡು ಅಸಲಿಯೇ ಎಂದು ಪರೀಕ್ಷಿಸಿ, ಸ್ಥಿತಿಗೆ ಅಂಕ ಕೊಟ್ಟು ಮುಚ್ಚಿಡುವ ಕಂಪನಿಗಳು) ಗ್ರೇಡಿಂಗ್ ಡಬ್ಬಿಯಲ್ಲಿಲ್ಲದೆ ಕೊಳ್ಳಬೇಡಿ.

1955ರ ಕಾರ್ಡು (ಸಂಖ್ಯೆ 47) ಅಡ್ಡಲಾಗಿದೆ, ಮುಖಚಿತ್ರ ಹಿಂದಿನ ವರ್ಷದ್ದೇ. 1956ರಲ್ಲೂ (ಸಂಖ್ಯೆ 31) ಅದೇ ಮುಖ. ಮೊದಲ ಸುಳ್ಳು ಇರುವುದು ಇಲ್ಲಿ: ಪಕ್ಕದಲ್ಲಿ ಜಾರಿಕೊಂಡು ಹೋಮ್ ಪ್ಲೇಟ್ (ರನ್ ಪೂರೈಸುವ ಜಾಗ) ಮುಟ್ಟುತ್ತಿರುವ ಆಟಗಾರ ಆರನ್ ಅಲ್ಲ, ವಿಲ್ಲಿ ಮೇಸ್. ಟೋಪಿಗೆ ಬ್ರೇವ್ಸ್ ಬಣ್ಣ ಬಳಿದು ಸಾಗಿಸಿದ್ದಾರೆ. ಇಬ್ಬರು ಮಹಾನ್ ಆಟಗಾರರನ್ನು ಹೀಗೆ ಅದಲುಬದಲು ಮಾಡಿದ್ದು ಬೇಸರದ ವಿಷಯ.

1957 (ಸಂಖ್ಯೆ 20) ಎರಡನೆಯ ತಪ್ಪು. ನೆಗೆಟಿವ್ ತಿರುಗುಮುರುಗಾಗಿ ಅಚ್ಚಾಗಿ, ಬಲಗೈ ಆಟಗಾರ ಎಡಗೈಯವನಂತೆ ನಿಂತಿದ್ದಾರೆ. ಜೆರ್ಸಿ ಮೇಲಿನ 44 ಕನ್ನಡಿಯಲ್ಲಿ ಕಂಡಂತೆ ಉಲ್ಟಾ. ಆ ವರ್ಷವೇ ಅವರು 44 ಹೋಮ್ ರನ್ ಹೊಡೆದು ನ್ಯಾಷನಲ್ ಲೀಗ್‌ನ ಶ್ರೇಷ್ಠ ಆಟಗಾರರಾದರು, ಮಿಲ್ವಾಕಿ ತಂಡ ನ್ಯೂಯಾರ್ಕ್ ಯಾಂಕೀಸ್ ಮೇಲೆ ವರ್ಷದ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. ಅಂಥ ವರ್ಷಕ್ಕೆ ಇಂಥ ಕಾರ್ಡು. ಆದರೂ ಸರಣಿಯಲ್ಲಿ ಇದನ್ನು ಬಿಡುವಂತಿಲ್ಲ.

1960ರ ದಶಕದವು ಚೆನ್ನಾಗಿವೆ, ವಿಶೇಷ ಹೇಳುವಂಥದ್ದಿಲ್ಲ. 1971ರದ್ದಕ್ಕೆ (ಸಂಖ್ಯೆ 400) ಕಪ್ಪು ಅಂಚು. ಸ್ವಲ್ಪ ತಾಗಿದರೂ ಮಸಿ ಉದುರಿ ಬಿಳಿ ಕಾಣುವುದರಿಂದ ಅದಕ್ಕೆ ಸ್ಕೆಚ್ ಪೆನ್ ಹಚ್ಚಿ ಮಾರುವವರಿದ್ದಾರೆ. ಕಾರ್ಡನ್ನು ಅಡ್ಡ ಹಿಡಿದು ಅಂಚಿನ ದಪ್ಪವನ್ನೇ ನೋಡಿ, ಹಚ್ಚಿದ ಮಸಿ ಪಕ್ಕಕ್ಕೂ ಇಳಿದಿರುತ್ತದೆ.

ಮೂರನೆಯದು 1974ರ ಸಂಖ್ಯೆ 1: ಹೊಸ ಹೋಮ್ ರನ್ ದೊರೆ ಎಂಬ ಘೋಷಣೆ. ಅಚ್ಚಾದಾಗ ಆರನ್ ಅವರ ಒಟ್ಟು ಹೋಮ್ ರನ್ ಲೆಕ್ಕ ಇನ್ನೂ 713. ಬಿಳಿಯ ಆಟಗಾರ ಬೇಬ್ ರೂತ್ ಅವರ 714ರ ದಾಖಲೆ ದಾಟಿದ್ದು ಏಪ್ರಿಲ್ 8ರಂದು, ಆಲ್ ಡೌನಿಂಗ್ ಎಸೆತದಲ್ಲಿ. ನಡುವಿನ ಆ ಚಳಿಗಾಲದಲ್ಲಿ ಅವರಿಗೆ ಕೊಲೆ ಬೆದರಿಕೆಯ ಪತ್ರಗಳು ಬರುತ್ತಿದ್ದವು. ಕಾರ್ಡಿನ ಸಂಭ್ರಮ ನೋಡುವಾಗ ಅದು ನೆನಪಿರಲಿ.

ಹಾಗಿದ್ದೂ ಒಂದೇ ಖರೀದಿ ಸಾಧ್ಯವೆಂದರೆ ನಾವು ಹೇಳುವುದು 1974ರದ್ದೇ, ಸಂಖ್ಯೆ 1ರಿಂದ 6. ಎರಡರಿಂದ ಆರರವರೆಗಿನ ಐದರಲ್ಲಿ 1954ರಿಂದ 1973ರವರೆಗಿನ 20 ಕಾರ್ಡುಗಳ ಚಿತ್ರ, ಒಂದೊಂದರಲ್ಲಿ ನಾಲ್ಕು. ಬೆಲೆ ಕೈಗೆಟುಕುತ್ತದೆ. ಒಂದನೆಯದು ಮಾತ್ರ ಒಳ್ಳೆಯ ಸ್ಥಿತಿಯಲ್ಲಿ ಅಪರೂಪ, ಏಕೆಂದರೆ ಮಕ್ಕಳು ಕಾರ್ಡುಗಳನ್ನು ಕ್ರಮವಾಗಿ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು, ಮೇಲಿನದಕ್ಕೇ ಪೆಟ್ಟು. ಇಡುವಾಗ ಪಿವಿಸಿ ಹಾಳೆ ಬೇಡ, ವರ್ಷಗಳಲ್ಲಿ ಅದು ಜಿಗುಟಾಗಿ ಮಸಿಯನ್ನು ಕೀಳುತ್ತದೆ. ಪಾಲಿಪ್ರೊಪಿಲೀನ್ ಚೀಲ ಸಾಕು. 1956ರವರೆಗಿನ ದೊಡ್ಡ ಕಾರ್ಡುಗಳಿಗೆ ಅವುಗಳ ಅಳತೆಯದನ್ನೇ ಕೇಳಿ ತನ್ನಿ, ಮಾಮೂಲಿ ಚೀಲಕ್ಕೆ ತುರುಕಿದರೆ ಮೂಲೆ ಮಡಚುತ್ತದೆ.